ಅಕ್ಕನನ್ನು ಬಚ್ಚಿಟ್ಟ ಹುಡುಗಿ

ಹೊಸ ಊರು, ಹೊಸ ಶಾಲೆ, ಮೊದಲನೆಯ ದಿನ. ತಂದೆಯ ಕಾರಿನಿಂದ ಇಬ್ಬರು ಹೆಣ್ಣುಮಕ್ಕಳು ಇಳಿಯುತ್ತಾರೆ. ತಂಗಿ ಕಾಲು ನೆಲಕ್ಕೂರುವುದೇ ತಡ, ಹುಡುಗ ಹುಡುಗಿಯರೆಲ್ಲ ಅವಳ ಸುತ್ತ ನೆರೆಯುತ್ತಾರೆ. ಹೆಸರು ಕೇಳುವವರೇನು, ಸ್ನೇಹ ಬೇಡುವವರೇನು! ಅಕ್ಕನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ದಪ್ಪ ಕನ್ನಡಕ, ಹಸಿರು ಕೋಟು, ಕಪ್ಪು ಬೂಟು, ನಗು ಕಾಣದ ಮುಖ. ಮುಂದೆ, ಆ ಕನ್ನಡಕದವಳು ನಿನಗೇನಾಗಬೇಕು ಎಂಬ ಮಾತು ಬಂದಾಗಲೆಲ್ಲ ತಂಗಿ ನುಣುಚಿಕೊಳ್ಳುತ್ತಾಳೆ. ಕಸಿನ್, ಅಂಥದ್ದೇನೋ ಒಂದು ಸಂಬಂಧ, ಎಂದುಬಿಡುತ್ತಾಳೆ. ಒಂದೇ ಸೂರಿನಡಿ ಮಲಗುವ, ಒಂದೇ ಮೇಜಿನಲ್ಲಿ ಉಣ್ಣುವ ಒಡಹುಟ್ಟಿದವಳನ್ನು ಅವಳು ವರ್ಷಗಟ್ಟಲೆ ಹೀಗೆ ಬಚ್ಚಿಡುತ್ತಾಳೆ.

ತಂಗಿಯ ಹೆಸರು ಕ್ವಿನ್ ಮೊರ್ಗೆನ್‌ಡಾರ್ಫರ್. ಅಕ್ಕ ಡಾರಿಯಾ. ಇಬ್ಬರೂ ರಕ್ತಮಾಂಸದವರಲ್ಲ, ಗೆರೆಗಳಲ್ಲಿ ಬರೆದ ಪಾತ್ರಗಳು. ಅಮೆರಿಕದ ಎಂ.ಟಿ.ವಿ. ವಾಹಿನಿಯಲ್ಲಿ 1997ರ ಮಾರ್ಚ್ 3ರಂದು ಪ್ರಾರಂಭವಾದ ‘ಡಾರಿಯಾ’ ಎಂಬ ವಿಡಂಬನಾತ್ಮಕ ಕಾರ್ಟೂನ್ ಸರಣಿಗೆ ಸೇರಿದವರು. ಗ್ಲೆನ್ ಐಕ್ಲರ್ ಮತ್ತು ಸೂಸಿ ಲೂಯಿಸ್ ಇದರ ಕರ್ತೃಗಳು. ಐದು ಋತುಗಳಲ್ಲಿ ಒಟ್ಟು 65 ಕಂತುಗಳು ಪ್ರಸಾರವಾದವು. ಜೊತೆಗೆ 2000ದಲ್ಲಿ ‘ಈಸ್ ಇಟ್ ಫಾಲ್ ಯೆಟ್?’ ಮತ್ತು 2002ರ ಜನವರಿಯಲ್ಲಿ ‘ಈಸ್ ಇಟ್ ಕಾಲೇಜ್ ಯೆಟ್?’ ಎಂಬ ಎರಡು ದೀರ್ಘ ಚಿತ್ರಗಳು ಬಂದು ಕಥೆ ಮುಗಿಯಿತು.

ಕಾರ್ಟೂನ್ ಎಂದರೆ ಮಕ್ಕಳಾಟ, ಎಂ.ಟಿ.ವಿ. ಎಂದರೆ ಗದ್ದಲದ ಹಾಡು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆ ಭಾವನೆ ಪೂರ್ತಿ ಸುಳ್ಳೇನೂ ಅಲ್ಲ. ಡಾರಿಯಾ ಪಾತ್ರ ಮೊದಲು ಕಾಣಿಸಿಕೊಂಡದ್ದು ಮೈಕ್ ಜಡ್ಜ್ ಅವರ ‘ಬೀವಿಸ್ ಆ್ಯಂಡ್ ಬಟ್‌ಹೆಡ್’ ಎಂಬ ಸರಣಿಯಲ್ಲಿ. ಇಬ್ಬರು ದಡ್ಡ ಹುಡುಗರ ಪೋಲಿತನವೇ ಬಂಡವಾಳವಾಗಿದ್ದ ಆ ಸರಣಿಯಲ್ಲಿ ತಲೆ ನೆಟ್ಟಗಿದ್ದ ಸಹಪಾಠಿ ಇವಳು. ಅಲ್ಲಿಂದ ಅವಳನ್ನು ಎತ್ತಿ, ತಂದೆ, ತಾಯಿ, ತಂಗಿಯನ್ನು ಕೊಟ್ಟು, ಲಾನ್‌ಡೇಲ್ ಎಂಬ ಕಲ್ಪಿತ ಊರಿಗೆ ತಂದು ನೆಲೆಗೊಳಿಸಿದ ಮೇಲೆ ಹುಟ್ಟಿದ್ದು ಬೇರೆಯೇ ಒಂದು ಕೃತಿ. ಹಣ ಮತ್ತು ಭದ್ರತೆಯ ಗೀಳಿರುವ ಮುಖ್ಯೋಪಾಧ್ಯಾಯಿನಿ, ಮಕ್ಕಳ ಹೆಸರು ನೆನಪಿಲ್ಲದಿದ್ದರೂ ಅವರ ಭಾವನೆಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಇಂಗ್ಲಿಷ್ ಮೇಷ್ಟ್ರು, ಚೆಂಡು ಹಿಡಿಯಬಲ್ಲನೆಂಬ ಒಂದೇ ಕಾರಣಕ್ಕೆ ಪಾಸಾಗುವ ಆಟಗಾರ, ಎಲ್ಲರೂ ಇಲ್ಲಿ ಗೇಲಿಗೆ ಗುರಿಯಾಗುತ್ತಾರೆ. ಸರಣಿಯ ಹೆಸರು ಡಾರಿಯಾಳದು, ನೋಡುಗರ ಪ್ರೀತಿಯೂ ಹೆಚ್ಚಾಗಿ ಅವಳಿಗೇ. ಆದರೆ ಈ ಬರಹದಲ್ಲಿ ನಾವು ಅಭ್ಯಸಿಸಬೇಕೆಂದಿರುವುದು ತಂಗಿ ಕ್ವಿನ್ ಎಂಬ ಗುಟ್ಟಿನ ಹುಡುಗಿಯನ್ನು. ಇಡೀ ಸರಣಿಯಲ್ಲಿ ನಿಜವಾಗಿ ಬದಲಾಗುವವಳು ಅವಳೇ ಎಂಬುದು ನನ್ನ ಅಭಿಪ್ರಾಯ.

ನಾಲ್ಕು ಜನರ ಸಂಘ

ಕ್ವಿನ್ ಶಾಲೆಯಲ್ಲಿ ಸೇರಿಕೊಳ್ಳುವುದು ‘ಫ್ಯಾಷನ್ ಕ್ಲಬ್’ ಎಂಬ ಸಂಘಕ್ಕೆ. ಸ್ಯಾಂಡಿ ಅಧ್ಯಕ್ಷೆ, ಕ್ವಿನ್ ಉಪಾಧ್ಯಕ್ಷೆ, ಸ್ಟೇಸಿ ಕಾರ್ಯದರ್ಶಿ, ಟಿಫನಿಗೂ ಒಂದು ಪದವಿ. ಸಂಘದಲ್ಲಿರುವುದೇ ನಾಲ್ಕು ಜನ. ನಾಲ್ವರೂ ಪದಾಧಿಕಾರಿಗಳು, ಸಾಮಾನ್ಯ ಸದಸ್ಯರೇ ಇಲ್ಲ. (ಇಂಥ ಸಂಘಗಳನ್ನು ಕಾಣಲು ಅಮೆರಿಕಕ್ಕೇ ಹೋಗಬೇಕಾಗಿಲ್ಲ.) ಯಾವ ಬಣ್ಣಕ್ಕೆ ಯಾವ ಬಣ್ಣ ಹೊಂದುತ್ತದೆ, ಯಾರ ಜೊತೆ ಮಾತಾಡಬಹುದು, ಯಾರ ಜೊತೆ ಕೂಡದು ಎಂಬುದನ್ನು ಅವರು ನ್ಯಾಯಾಲಯದ ಗಾಂಭೀರ್ಯದಿಂದ ತೀರ್ಮಾನಿಸುತ್ತಾರೆ. ಸ್ಯಾಂಡಿ ಸಿಹಿಮಾತಿನಲ್ಲಿಯೇ ಇರಿಯಬಲ್ಲವಳು. ತನ್ನ ಉಪಾಧ್ಯಕ್ಷೆ ತನಗಿಂತ ಚೆಲುವೆ, ತನಗಿಂತ ಜನಪ್ರಿಯಳು ಎಂಬುದು ಅವಳಿಗೆ ಸಹಿಸಲಾಗದ ವಿಷಯ. ಎಲ್ಲಿ ಒಂದು ಬಿರುಕು ಸಿಕ್ಕೀತು ಎಂದು ಆಕೆ ಸದಾ ಹುಡುಕುತ್ತಿರುತ್ತಾಳೆ.

ಆ ಬಿರುಕು ಕ್ವಿನ್‌ಳ ಮನೆಯಲ್ಲೇ ಇದೆ. ಕನ್ನಡಕ ಹಾಕಿಕೊಂಡು, ಪುಸ್ತಕ ಹಿಡಿದುಕೊಂಡು, ಮಾತಿಗೆ ಮೊದಲು ವ್ಯಂಗ್ಯವಾಡುತ್ತ, ಸೋಫಾದ ಮೇಲೆ ಕುಳಿತು ಟಿ.ವಿ. ನೋಡುತ್ತಿದೆ.

ಆದುದರಿಂದ ಮೊದಲು ಗಮನಿಸಬೇಕಾದ ಅಂಶವೆಂದರೆ, ಕ್ವಿನ್ ತನ್ನ ಅಕ್ಕನನ್ನು ಬಚ್ಚಿಡುವುದು ದ್ವೇಷದಿಂದಲ್ಲ, ಭಯದಿಂದ. ಡಾರಿಯಾ ತನ್ನ ಅಕ್ಕನೆಂದು ಒಪ್ಪಿಕೊಂಡರೆ ತನ್ನ ಸ್ಥಾನ ಹೋದೀತು ಎಂಬ ಭಯ. ಹದಿಹರೆಯದಲ್ಲಿ ಗುಂಪಿನಿಂದ ಹೊರಬೀಳುವುದೆಂದರೆ ಊರಿನಿಂದ ಹೊರಬಿದ್ದಷ್ಟೇ ಘೋರವಾಗಿ ಕಾಣುತ್ತದೆ. ದೊಡ್ಡವರಾದ ನಮಗೆ ಆ ಭಯ ಮರೆತುಹೋಗಿರುತ್ತದೆ, ಆದಕಾರಣ ನಗುತ್ತೇವೆ. ಸರಣಿಯೂ ನಮ್ಮನ್ನು ನಗಿಸುತ್ತದೆ. ಆದರೆ ಸ್ಯಾಂಡಿಯ ಒಂದೊಂದು ಪ್ರಶ್ನೆಗೂ ಕ್ವಿನ್ ಹೇಗೆ ಬೆದರುತ್ತಾಳೆಂಬುದನ್ನು ಅದು ತೋರಿಸದೆ ಬಿಡುವುದಿಲ್ಲ.

ಇಲ್ಲಿ ಭಾಷೆಯ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕ್ವಿನ್ ಆಡುವ ಸುಳ್ಳು ಇಂಗ್ಲಿಷಿನಲ್ಲಿ ಮಾತ್ರ ಅಷ್ಟು ಸಲೀಸಾಗಿ ಆಡಬಹುದಾದ ಸುಳ್ಳು. ‘ಕಸಿನ್’ ಎಂಬ ಪದ ಒಂದು ದೊಡ್ಡ ಕಂಬಳಿಯಿದ್ದಂತೆ. ತಾಯಿಯ ಕಡೆಯವಳೋ ತಂದೆಯ ಕಡೆಯವಳೋ, ಹಿರಿಯಳೋ ಕಿರಿಯಳೋ, ಯಾವುದೂ ಹೊರಗೆ ಕಾಣುವುದಿಲ್ಲ. ಕನ್ನಡದಲ್ಲಿ ಈ ಆಟ ನಡೆಯದು. ದೊಡ್ಡಮ್ಮನ ಮಗಳೋ, ಚಿಕ್ಕಪ್ಪನ ಮಗಳೋ, ಸೋದರಮಾವನ ಮಗಳೋ ಎಂಬ ಪ್ರಶ್ನೆ ಮರುಕ್ಷಣವೇ ಏಳುತ್ತದೆ. ದೊಡ್ಡಮ್ಮನ ಮಗಳೇ ಆದರೂ ವಯಸ್ಸಿನಲ್ಲಿ ದೊಡ್ಡವಳಾದರೆ ಅವಳನ್ನೂ ಅಕ್ಕ ಎಂದೇ ಕರೆಯಬೇಕು. ಯಾವ ಪದವನ್ನು ತಪ್ಪಿಸಿಕೊಳ್ಳಲು ಸುಳ್ಳು ಹೇಳಿದೆವೋ ಅದೇ ಪದ ತಿರುಗಿ ಬಾಯಿಗೆ ಬರುತ್ತದೆ.

ಎರಡನೆಯ ಗುಟ್ಟು

ಅಕ್ಕನನ್ನು ಬಚ್ಚಿಟ್ಟದ್ದು ಎಲ್ಲರಿಗೂ ಕಾಣುವ ಗುಟ್ಟು. ಕ್ವಿನ್‌ಳಲ್ಲಿ ಇನ್ನೊಂದು ಗುಟ್ಟಿದೆ, ಅದನ್ನು ಅವಳು ತನ್ನಿಂದಲೇ ಬಚ್ಚಿಟ್ಟಿದ್ದಾಳೆ. ಅವಳು ದಡ್ಡಿಯಲ್ಲ.

ಎರಡನೆಯ ಋತುವಿನಲ್ಲಿ, ಅಂದರೆ 1998ರಲ್ಲಿ ಬಂದ ‘ಕ್ವಿನ್ ದ ಬ್ರೇನ್’ ಎಂಬ ಕಂತು ಇದಕ್ಕೆ ಮೀಸಲು. ಪಾಠದಲ್ಲಿ ಹಿಂದೆ ಬಿದ್ದ ಕ್ವಿನ್ ಒಂದು ಪ್ರಬಂಧ ಬರೆಯಬೇಕಾಗುತ್ತದೆ. ಬೇರೆ ದಾರಿಯಿಲ್ಲದೆ ಕುಳಿತು, ಶಾಲೆಯೆಂಬುದು ಹೇಗೆ ಸೆರೆಮನೆಯಂತಿದೆ ಎಂದು ಬರೆದುಬಿಡುತ್ತಾಳೆ. ಮೇಷ್ಟ್ರು ಹಿಗ್ಗಿ ಅದನ್ನು ಮೆಚ್ಚುತ್ತಾರೆ. ಇದ್ದಕ್ಕಿದ್ದಂತೆ ಶಾಲೆಯೆಲ್ಲ ಅವಳನ್ನು ಮೇಧಾವಿ ಎಂದು ಕೊಂಡಾಡತೊಡಗುತ್ತದೆ. ಮೊದಲು ಗಾಬರಿಯಾದ ಕ್ವಿನ್ ಆಮೇಲೆ ಅದರ ರುಚಿ ಹತ್ತಿ ಕಪ್ಪು ಬಟ್ಟೆ ಧರಿಸಿ, ತಲೆಗೆ ಕಲಾವಿದರಂತೆ ಟೋಪಿಯಿಟ್ಟು, ಮೇಧಾವಿತನವನ್ನೂ ಒಂದು ಫ್ಯಾಷನ್ನಾಗಿಸುತ್ತಾಳೆ.

ಈಗ ಕಂಗಾಲಾಗುವವಳು ಯಾರು? ಡಾರಿಯಾ. ಮನೆಯಲ್ಲಿ ಬುದ್ಧಿವಂತೆ ಎಂಬ ಒಂದೇ ಒಂದು ಸ್ಥಾನ ಅವಳದಾಗಿತ್ತು, ಅದೂ ಹೋಯಿತು. ಕೊನೆಗೆ ಅವಳು ಮಾಡುವ ಉಪಾಯವೆಂದರೆ, ಕ್ವಿನ್‌ಳಂತೆಯೇ ಬಟ್ಟೆ ತೊಟ್ಟು, ಕನ್ನಡಕ ತೆಗೆದು, ಕ್ವಿನ್‌ಳ ಹಿಂದೆ ಸುತ್ತುವ ಹುಡುಗರ ಮುಂದೆ ಬಂದು ನಿಲ್ಲುವುದು. ಕ್ವಿನ್ ಕೂಡಲೇ ಮೇಧಾವಿತನವನ್ನು ಕಳಚಿಟ್ಟು ತನ್ನ ಹಳೆಯ ವೇಷಕ್ಕೆ ಮರಳುತ್ತಾಳೆ. ನೀನು ನನ್ನ ಜಾಗ ಬಿಡು, ನಾನು ನಿನ್ನ ಜಾಗ ಬಿಡುತ್ತೇನೆ, ಅಷ್ಟೇ ಒಪ್ಪಂದ. ನಗುತ್ತ ನೋಡಿ ಮುಗಿಸಿದ ಮೇಲೆ ಒಂದು ಬಗೆಯ ಬೇಸರ ಉಳಿಯುತ್ತದೆ. ತಂಗಿಯಲ್ಲಿ ಮೊದಲ ಬಾರಿಗೆ ಮಿಣುಕಿದ ಬೆಳಕನ್ನು ಆರಿಸಿದವಳು ಅಕ್ಕನೇ. ಒಂದು ಮನೆಯಲ್ಲಿ ಒಬ್ಬಳೇ ಬುದ್ಧಿವಂತೆ, ಒಬ್ಬಳೇ ಚೆಲುವೆ ಎಂದು ಮಕ್ಕಳಿಗೆ ಪಾಲು ಹಂಚಿಟ್ಟವರು ಯಾರು? ಸರಣಿ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಊಟದ ಮೇಜಿನ ಸುತ್ತ ಕುಳಿತ ತಂದೆತಾಯಿಯನ್ನು ತೋರಿಸುತ್ತದೆ, ಅಷ್ಟೆ.

ಅರಿಸ್ಟಾಟಲನ ಒಂದು ಪದ

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಇಲ್ಲಿ ಒಂದು ಹಳೆಯ ಪಾಠ ನೆನಪಾಗದಿರದು. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ‘ನಿಕೊಮ್ಯಾಕಿಯನ್ ನೀತಿಶಾಸ್ತ್ರ’ದ ನಾಲ್ಕನೆಯ ಪುಸ್ತಕದಲ್ಲಿ, ಮನುಷ್ಯ ತನ್ನ ಬಗ್ಗೆ ತಾನು ಸತ್ಯವಾಗಿರುವುದು ಒಂದು ಸದ್ಗುಣವೆಂದು ಹೇಳಿ, ಅದರ ಎರಡು ಬದಿಗಳಲ್ಲಿ ಎರಡು ದೋಷಗಳನ್ನು ಇಡುತ್ತಾನೆ. ಇಲ್ಲದ್ದನ್ನು ಇದೆಯೆಂದು ಹೇಳಿಕೊಳ್ಳುವ ಜಂಭ ಒಂದು ಕಡೆ. ಇರುವುದನ್ನು ಇಲ್ಲವೆನ್ನುವುದು, ಕಡಿಮೆ ಮಾಡಿ ತೋರಿಸಿಕೊಳ್ಳುವುದು ಇನ್ನೊಂದು ಕಡೆ. ಈ ಎರಡನೆಯದಕ್ಕೆ ಅವನು ಬಳಸಿದ ಪದ ‘ಐರೋನಿಯಾ’. ಇಂದು ವ್ಯಂಗ್ಯ ಎಂಬರ್ಥದಲ್ಲಿ ಇಂಗ್ಲಿಷಿನವರು ಬಳಸುವ ‘ಐರನಿ’ ಪದದ ಬೇರು ಇದೇ.

ಇಂದಿನ ಅರ್ಥದಲ್ಲಿ ನೋಡಿದರೆ ಈ ಸರಣಿಯಲ್ಲಿ ಐರನಿಯ ಒಡತಿ ಡಾರಿಯಾ. ಮಾತೆತ್ತಿದರೆ ವ್ಯಂಗ್ಯ. ಆದರೆ ಅರಿಸ್ಟಾಟಲನ ಮೂಲಾರ್ಥಕ್ಕೆ ಸರಿಯಾಗಿ ಹೊಂದುವವಳು ಕ್ವಿನ್! ತನ್ನಲ್ಲಿರುವ ಬುದ್ಧಿಯನ್ನು ಇಲ್ಲವೆಂದು ನಟಿಸುವವಳು ಅವಳೇ. ಅರ್ಥವಾದ ಪದವನ್ನೂ ಅರ್ಥವಾಗದಂತೆ ತೋರಿಸಿಕೊಂಡು ಗೆಳತಿಯರ ಸಾಲಿನಲ್ಲಿ ಉಳಿಯುವವಳು ಅವಳೇ.

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ’ದಲ್ಲಿ ಇದೇ ವಿಷಯವನ್ನು ಎತ್ತಿಕೊಂಡು ಒಂದು ಸೂಕ್ಷ್ಮ ಭೇದವನ್ನು ಮಾಡುತ್ತಾರೆ, ಅದು ನಮಗೆ ಉಪಯುಕ್ತ. ತನ್ನಲ್ಲಿರುವ ದೊಡ್ಡದನ್ನು ಹೇಳದೆ ಸುಮ್ಮನಿದ್ದು ಚಿಕ್ಕದನ್ನಷ್ಟೇ ಹೇಳಿದರೆ ಅದು ತಪ್ಪಲ್ಲ. ಅಲ್ಲಿ ಸತ್ಯಕ್ಕೆ ಚ್ಯುತಿ ಬಂದಿಲ್ಲ. ಆದರೆ ಇರುವುದನ್ನು ತಿಳಿದೂ ತಿಳಿದೂ ಇಲ್ಲವೆಂದರೆ ಅದು ತಪ್ಪು. ಅಂದರೆ ಮೌನ ಬೇರೆ, ಅಲ್ಲಗಳೆಯುವುದು ಬೇರೆ. ಹದಿಹರೆಯದ ಮಗಳ ಬಾಗಿಲು ಮುಚ್ಚಿದೆ ಎಂದ ಮಾತ್ರಕ್ಕೆ ತಂದೆತಾಯಿ ತಳಮಳಗೊಳ್ಳುತ್ತಾರೆ. ದಿನಚರಿಯ ಪುಸ್ತಕಕ್ಕೆ ಬೀಗ ಹಾಕಿದರೆ ಏನೋ ಆಗಿದೆ ಎಂದು ಭಾವಿಸುತ್ತಾರೆ. ಅಕ್ವಿನಾಸರ ತಕ್ಕಡಿಯಲ್ಲಿ ಇವು ಯಾವುವೂ ದೋಷವಲ್ಲ. ತೂಗಬೇಕಾದದ್ದು, ಕೇಳಿದಾಗ ಅವಳು ಏನನ್ನು ಇಲ್ಲವೆನ್ನುತ್ತಾಳೆ, ಏತಕ್ಕೆ ಇಲ್ಲವೆನ್ನುತ್ತಾಳೆ ಎಂಬುದು. ಕ್ವಿನ್ ಎರಡನ್ನು ಇಲ್ಲವೆನ್ನುತ್ತಾಳೆ: ಒಡಹುಟ್ಟಿದವಳನ್ನು ಮತ್ತು ತನ್ನ ಸ್ವಂತ ಬುದ್ಧಿಯನ್ನು. ಎರಡಕ್ಕೂ ಕಾರಣ ಒಂದೇ. ನನಗನ್ನಿಸುವಂತೆ, ಬುದ್ಧಿ ಎಂಬುದು ಅವಳ ಮಟ್ಟಿಗೆ ಅಕ್ಕನ ಮುಖವನ್ನೇ ಹೊತ್ತಿತ್ತು; ಒಂದನ್ನು ಒಪ್ಪಿಕೊಂಡರೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು.

ಅಕ್ಕನೇನು ಕಡಿಮೆಯೆ?

ಹಾಗಾದರೆ ಡಾರಿಯಾ ಸತ್ಯಸಂಧಳೇ? ತಾನು ಹಾಗೆಂದೇ ಭಾವಿಸಿಕೊಂಡಿದ್ದಾಳೆ. ಸುಳ್ಳು ಹೇಳದಿದ್ದರೆ ಸಾಕು, ತಾನು ಶುದ್ಧಳು ಎಂಬ ನಂಬಿಕೆ. ಸರಣಿಯ ಬರಹಗಾರರು ಅವಳನ್ನು ಎಷ್ಟೇ ಪ್ರೀತಿಸಿದರೂ ಈ ವಿಷಯದಲ್ಲಿ ರಿಯಾಯಿತಿ ತೋರುವುದಿಲ್ಲ.

ಮೊದಲನೆಯ ಋತುವಿನ ಕೊನೆಯ ಕಂತು ‘ದ ಮಿಸರಿ ಚಿಕ್’. ಶಾಲೆಯ ಹಳೆಯ ಫುಟ್‌ಬಾಲ್ ವೀರನೊಬ್ಬ ತನ್ನ ಹೆಸರಿನಲ್ಲಿ ನಿಲ್ಲಿಸಲಿರುವ ಗೋಲುಕಂಬದ ಸಮಾರಂಭಕ್ಕೆ ಬಂದು, ಎಲ್ಲರನ್ನೂ ಅವಮಾನಿಸಿ, ಅದೇ ಕಂಬ ಮೈಮೇಲೆ ಬಿದ್ದು ಸಾಯುತ್ತಾನೆ. ಅವನ ಬಗ್ಗೆ ಯಾರಿಗೂ ನಿಜವಾದ ದುಃಖವಿಲ್ಲ. ದುಃಖ ಬರುತ್ತಿಲ್ಲವಲ್ಲ ಎಂಬುದೇ ಎಲ್ಲರ ಸಂಕಟ. ಸಾವಿನ ಬಗ್ಗೆ ಯೋಚಿಸುವವಳು ಇವಳೊಬ್ಬಳೇ ಎಂದು ತಿಳಿದು ಒಬ್ಬೊಬ್ಬರಾಗಿ ಡಾರಿಯಾಳ ಬಳಿ ಬರುತ್ತಾರೆ. ಆಪ್ತ ಗೆಳತಿ ಜೇನ್ ಮಾತ್ರ ದೂರವಾಗುತ್ತಾಳೆ. ಸದಾ ಮಂಕಾಗಿರುವವಳು ಎಂಬ ಮುಖವಾಡ ತನಗೆ ಎಷ್ಟು ಬಿಗಿಯಾಗಿ ಅಂಟಿಕೊಂಡಿದೆ ಎಂಬುದು ಅಂದು ಅವಳಿಗೇ ಮನವರಿಕೆಯಾಗುತ್ತದೆ.

ಮೂರನೆಯ ಋತುವಿನಲ್ಲಿ ಕನ್ನಡಕದ ಕಥೆ ಬರುತ್ತದೆ. ಕಾರು ಓಡಿಸಲು ಕಲಿಯುವಾಗ ತಾಯಿಯ ಸಲಹೆಯಂತೆ ಡಾರಿಯಾ ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಿಕೊಳ್ಳುತ್ತಾಳೆ. ಲೆನ್ಸ್ ಕಣ್ಣಿಗೆ ಒಗ್ಗುವುದಿಲ್ಲ. ಹಾಗೆಂದು ಮತ್ತೆ ಕನ್ನಡಕ ಹಾಕಲು ಮನಸ್ಸೂ ಇಲ್ಲ. ಚೆಲುವಿನ ಆಸೆ ತನಗೂ ಇತ್ತೆಂದು ಒಪ್ಪಿಕೊಳ್ಳಲಾರದೆ, ಎರಡೂ ಇಲ್ಲದೆ, ಏನೂ ಕಾಣದೆ, ಶಾಲೆಯಲ್ಲಿ ತಡವರಿಸಿಕೊಂಡು ತಿರುಗುತ್ತಾಳೆ. ತಂಗಿಯ ಕನ್ನಡಿಯನ್ನು ಕಂಡು ನಕ್ಕವಳು ತನ್ನ ಕನ್ನಡಿಯನ್ನು ಎಷ್ಟು ಜೋಪಾನವಾಗಿ ಮುಚ್ಚಿಟ್ಟಿದ್ದಳು ನೋಡಿ.

ಆದರೆ ಅವಳ ನಿಜವಾದ ಗುಟ್ಟು ಇದಲ್ಲ. ಅದು ‘ರೈಟ್ ವೇರ್ ಇಟ್ ಹರ್ಟ್ಸ್’ ಎಂಬ ಕಂತಿನಲ್ಲಿ ಹೊರಬೀಳುತ್ತದೆ. ತನಗೆ ಪರಿಚಯವಿರುವ ಜನರನ್ನೇ ಇಟ್ಟುಕೊಂಡು ಒಂದು ಕಥೆ ಬರೆಯಬೇಕೆಂದು ಮೇಷ್ಟ್ರು ಅವಳಿಗೆ ಹೇಳುತ್ತಾರೆ. ಎಷ್ಟು ಬಗೆಯಲ್ಲಿ ಪ್ರಯತ್ನಿಸಿದರೂ ಅದು ಅಪಹಾಸ್ಯವಾಗುತ್ತದೆ, ಕಥೆಯಾಗುವುದಿಲ್ಲ. ಕೊನೆಗೆ ತಾಯಿ ಹೆಲೆನ್ ಕೊಟ್ಟ ಒಂದು ಸೂಚನೆ ದಾರಿ ತೆರೆಯುತ್ತದೆ: ಇರುವುದನ್ನಲ್ಲ, ಹೇಗಿರಬೇಕೆಂದು ಬಯಸುತ್ತೀಯೋ ಅದನ್ನು ಬರೆ. ಡಾರಿಯಾ ಬರೆಯುವುದೇನು? ವರ್ಷಗಳು ಕಳೆದು, ತಂದೆತಾಯಿಗೆ ವಯಸ್ಸಾಗಿ, ದೊಡ್ಡವರಾದ ಅಕ್ಕತಂಗಿಯರು ಅವರೊಡನೆ ಸೇರಿ ನೆಮ್ಮದಿಯಾಗಿ ಇಸ್ಪೀಟಾಡುತ್ತ ಕುಳಿತ ಒಂದು ಮನೆ. ಅಷ್ಟೇ. ಅದನ್ನೋದಿದ ಹೆಲೆನ್‌ಳ ಕಣ್ಣು ತುಂಬುತ್ತದೆ. ಇಷ್ಟು ಸಣ್ಣ ಆಸೆಯನ್ನು ಬಾಯಿಬಿಟ್ಟು ಹೇಳಲಾರದೆ ಆ ಹುಡುಗಿ ಎಷ್ಟು ವ್ಯಂಗ್ಯದ ಮಾತುಗಳನ್ನು ಆಡಿದ್ದಳು!

ಅಕ್ವಿನಾಸರ ತಕ್ಕಡಿಯಲ್ಲಿ ಡಾರಿಯಾ ಮೌನದ ಕಡೆಯವಳು, ಕ್ವಿನ್ ಅಲ್ಲಗಳೆಯುವ ಕಡೆಯವಳು. ಆದರೆ ಮನೆಯವರ ಪಾಲಿಗೆ ಪ್ರೀತಿಯ ಬಗೆಗಿನ ಮೌನವೂ ಕೆಲವೊಮ್ಮೆ ಅಲ್ಲಗಳೆದಷ್ಟೇ ನೋವು ತರುತ್ತದೆ.

ಗುಟ್ಟು ಕೈಗೆ ಸಿಕ್ಕಾಗ

ನನ್ನ ಮಟ್ಟಿಗೆ ಇಡೀ ಸರಣಿಯ ಹೃದಯ 1998ರ ‘ಮಾನ್‌ಸ್ಟರ್’ ಎಂಬ ಕಂತು. ಶಾಲೆಯ ಪಾಠಕ್ಕಾಗಿ ಒಂದು ಕಿರುಚಿತ್ರ ತೆಗೆಯಬೇಕಾಗಿ ಬಂದಾಗ ಡಾರಿಯಾ ಮತ್ತು ಜೇನ್ ಕ್ವಿನ್‌ಳನ್ನೇ ವಸ್ತುವಾಗಿ ಆರಿಸುತ್ತಾರೆ. ಅವಳೆಷ್ಟು ಟೊಳ್ಳು ಎಂಬುದನ್ನು ಶಾಲೆಗೆಲ್ಲ ತೋರಿಸುವುದು ಉದ್ದೇಶ. ಕ್ವಿನ್ ತನ್ನ ಮೇಲೆ ಚಿತ್ರ ತೆಗೆಯುತ್ತಿದ್ದಾರೆಂದು ಹಿಗ್ಗುತ್ತಾಳೆ. ಇವರು ಕ್ಯಾಮೆರಾವನ್ನು ಅವಳ ಮುಖದ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಒಯ್ಯುತ್ತಾರೆ, ಚರ್ಮದ ಸಣ್ಣ ಸಣ್ಣ ರಂಧ್ರಗಳು ಕಾಣುವವರೆಗೆ. ಆ ರಂಧ್ರಗಳೇ ಕ್ವಿನ್‌ಳ ದೊಡ್ಡ ಭೀತಿ.

ಆಗ ನಿರೀಕ್ಷಿಸದ ಒಂದು ಸಂಗತಿ ನಡೆಯುತ್ತದೆ. ಕ್ವಿನ್ ಅಕ್ಕನ ಮುಂದೆ ಒಂದು ಘಳಿಗೆ ಮನಸ್ಸು ಬಿಚ್ಚುತ್ತಾಳೆ. ಚೆಲುವು, ಜನಪ್ರಿಯತೆ, ಇವೆರಡನ್ನು ಬಿಟ್ಟರೆ ತನ್ನಲ್ಲಿ ಬೇರೇನಿದೆ ಎಂಬ ಅಳುಕು ಹೊರಬರುತ್ತದೆ. ಎಲ್ಲರಿಂದಲೂ ಬಚ್ಚಿಟ್ಟ ಅಕ್ಕನ ಮುಂದೆಯೇ ಅದು ಹೊರಬಂತು ಎಂಬುದನ್ನು ಗಮನಿಸಬೇಕು. ಸ್ಯಾಂಡಿಯ ಮುಂದೆ ಆ ಮಾತನ್ನು ಆಕೆ ಎಂದೂ ಆಡಲಾರಳು. ಬೀದಿಯಲ್ಲಿ ಇಲ್ಲವೆಂದ ಸಂಬಂಧವನ್ನು ಮನೆಯೊಳಗೆ ಅವಳು ಇದೆಯೆಂದೇ ನಂಬಿದ್ದಳು.

ಡಾರಿಯಾಳ ಕೈಯಲ್ಲಿ ಈಗ ಎರಡು ದಾರಿಗಳಿವೆ. ಚಿತ್ರವನ್ನು ಹೇಗೆ ಕತ್ತರಿಸಿ ಜೋಡಿಸಿದರೂ ಅದು ಸತ್ಯವೇ, ಕ್ಯಾಮೆರಾ ಸುಳ್ಳು ಹೇಳಿಲ್ಲ. ತಂಗಿಯನ್ನು ಜೀವಮಾನವಿಡೀ ನಾಚಿಕೆಯಾಗುವಂತೆ ಮಾಡಬಹುದು, ವರ್ಷಗಳ ಲೆಕ್ಕ ತೀರಿಸಿಕೊಳ್ಳಬಹುದು. ಅವಳು ಹಾಗೆ ಮಾಡುವುದಿಲ್ಲ. ಕುಳಿತು ಚಿತ್ರವನ್ನು ಮತ್ತೆ ಜೋಡಿಸುತ್ತಾಳೆ, ಕ್ವಿನ್ ಮನುಷ್ಯಳಾಗಿ ಕಾಣುವಂತೆ ಜೋಡಿಸುತ್ತಾಳೆ. ಫಲ? ಚಿತ್ರ ತೋರಿಸಿದ ಮೇಲೆ ಕ್ವಿನ್ ಮೊದಲಿಗಿಂತ ಹೆಚ್ಚು ಜನಪ್ರಿಯಳಾಗುತ್ತಾಳೆ. ಡಾರಿಯಾಳ ಮುಖ ನೋಡಬೇಕು!

ಸತ್ಯವನ್ನು ಆಡುವುದಕ್ಕೂ ಅದನ್ನು ಬಳಸುವುದಕ್ಕೂ ಇರುವ ಅಂತರವನ್ನು ನೀತಿಶಾಸ್ತ್ರದ ಗ್ರಂಥಗಳು ಪುಟಗಟ್ಟಲೆ ವಿವರಿಸುತ್ತವೆ. ಈ ಕಾರ್ಟೂನು ಅರ್ಧ ಗಂಟೆಯೊಳಗೆ ಅದನ್ನು ಕಾಣುವಂತೆ ಮಾಡಿದೆ.

ತಂದೆತಾಯಿ ಎಲ್ಲಿದ್ದರು?

ತಂದೆ ಜೇಕ್ ಮಾರುಕಟ್ಟೆ ಸಲಹೆಗಾರ. ಬಾಲ್ಯದಲ್ಲಿ ತನ್ನ ತಂದೆ ತನ್ನನ್ನು ಸೈನಿಕ ಶಾಲೆಗೆ ಅಟ್ಟಿದ ಸಿಟ್ಟನ್ನು ನಡುವಯಸ್ಸಿನಲ್ಲೂ ಒದರುತ್ತಿರುವವನು, ಪತ್ರಿಕೆಯ ಹಿಂದೆ ಅಡಗಿರುವವನು. ತಾಯಿ ಹೆಲೆನ್ ವಕೀಲೆ. ಕಿವಿಗೆ ಫೋನು, ಒಲೆಯಲ್ಲಿ ಅಂಗಡಿಯಿಂದ ತಂದ ಲಸಾನ್ಯ. ಇಬ್ಬರೂ ಕೆಟ್ಟವರಲ್ಲ, ಮಕ್ಕಳನ್ನು ಪ್ರೀತಿಸುವವರೇ. ಆದರೆ ಹೆಲೆನ್ ಸ್ವತಃ ಮೂವರು ಅಕ್ಕತಂಗಿಯರಲ್ಲಿ ನಡುವಿನವಳು. ಅಕ್ಕ ರೀಟಾ ತಾಯಿಯ ಮುದ್ದಿನವಳೆಂಬ ಹಳೆಯ ಉರಿ, ತಂಗಿ ಏಮಿ ದೂರದಿಂದಲೇ ಎಲ್ಲರನ್ನೂ ಗೇಲಿ ಮಾಡುತ್ತಾಳೆಂಬ ಇನ್ನೊಂದು ಉರಿ. ‘ಆಂಟ್ ನಾಸಿಯಮ್’ ಎಂಬ ಕಂತಿನಲ್ಲಿ ಈ ಮೂವರೂ ಒಂದೆಡೆ ಸೇರಿ ಬಾಲ್ಯದ ಲೆಕ್ಕಗಳನ್ನೆಲ್ಲ ಹೊರಗೆಳೆದು ಕಚ್ಚಾಡುವಾಗ ಡಾರಿಯಾ, ಕ್ವಿನ್ ಇಬ್ಬರೂ ಒಂದೇ ಪಕ್ಷದವರಾಗುತ್ತಾರೆ. ತಮ್ಮ ಇಪ್ಪತ್ತೈದು ವರ್ಷಗಳ ಮುಂದಿನ ಚಿತ್ರವನ್ನು ಕಂಡವರಂತೆ.

ಸರಣಿಯ ಕೊನೆಯ ಕಂತು, 2001ರ ‘ಬಾಕ್ಸಿಂಗ್ ಡಾರಿಯಾ’, ಇದಕ್ಕಿಂತ ಆಳಕ್ಕಿಳಿಯುತ್ತದೆ. ಮನೆಗೆ ಹೊಸ ಫ್ರಿಜ್ ಬರುತ್ತದೆ. ಅದರ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಕಂಡೊಡನೆ ಡಾರಿಯಾಳಿಗೆ ಬಾಲ್ಯದ ಒಂದು ರಾತ್ರಿ ನೆನಪಾಗುತ್ತದೆ. ಮಗು ಬೇರೆ ಮಕ್ಕಳೊಂದಿಗೆ ಬೆರೆಯುವುದಿಲ್ಲವೆಂದು ಶಾಲೆಯಿಂದ ದೂರು ಬಂದಿತ್ತು. ಅದರ ಮೇಲೆ ತಂದೆತಾಯಿ ಜಗಳವಾಡಿ ತಂದೆ ಸಿಟ್ಟಿನಿಂದ ಮನೆಬಿಟ್ಟು ಹೊರನಡೆದಿದ್ದ. ಪುಟ್ಟ ಡಾರಿಯಾ ಅಂಥದ್ದೇ ಪೆಟ್ಟಿಗೆಯೊಳಗೆ ಅವಿತು ಕುಳಿತಿದ್ದಳು. ತನ್ನಿಂದಲೇ ಈ ಜಗಳ ಎಂಬ ಅಪರಾಧಭಾವವನ್ನು ಅವಳು ಅಷ್ಟು ವರ್ಷ ಯಾರಿಗೂ ಹೇಳದೆ ಹೊತ್ತಿದ್ದಳು. ಅದನ್ನು ಮರೆತಿದ್ದೇನೆಂದು ತಾನೇ ನಂಬಿದ್ದಳು. ಮುಚ್ಚಿದ ಬಾಗಿಲಿನಾಚೆ ಮಕ್ಕಳು ಏನು ಕೇಳಿಸಿಕೊಳ್ಳುತ್ತಾರೆ, ಕೇಳಿದ್ದಕ್ಕೆ ಎಂಥ ಅರ್ಥ ಕಟ್ಟಿಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಟಿ.ವಿ.ಯಲ್ಲಿ ಕಂಡಿಲ್ಲ. ಗುಟ್ಟಿನ ಸ್ವಭಾವ ಈ ಮನೆಯಲ್ಲಿ ಕ್ವಿನ್‌ಳಿಂದ ಪ್ರಾರಂಭವಾದದ್ದಲ್ಲವೆಂಬುದೂ ಇಲ್ಲಿ ತಿಳಿಯುತ್ತದೆ.

ಗುಟ್ಟು ಕಳಚಿದ ಬಗೆ

ಕ್ವಿನ್ ಬದಲಾಗುವುದು ಉಪದೇಶದಿಂದಲ್ಲ. ಅದು ಪ್ರಾರಂಭವಾಗುವುದು ಒಂದು ಪರೀಕ್ಷೆಯ ಅಂಕಗಳಿಂದ. 2000ದ ದೀರ್ಘ ಚಿತ್ರದಲ್ಲಿ, ಕಾಲೇಜು ಪ್ರವೇಶದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಫ್ಯಾಷನ್ ಕ್ಲಬ್ಬಿನ ಉಳಿದವರಿಗಿಂತ ಅವಳಿಗೆ ಸ್ವಲ್ಪ ಹೆಚ್ಚು ಅಂಕ ಬರುತ್ತದೆ. ಮೊದಲು ಅದೇ ಒಂದು ಅವಮಾನ! ಆಮೇಲೆ ಮನೆಪಾಠಕ್ಕೆ ಡೇವಿಡ್ ಎಂಬ ತರುಣನನ್ನು ಗೊತ್ತು ಮಾಡುತ್ತಾರೆ. ಅವನು ಅವಳ ಚೆಲುವಿಗೆ ಸೋಲದ ಮೊದಲ ಹುಡುಗ. ಓದು ಎಂದರೆ ಓದು, ಅಷ್ಟೇ. ಬೇಸಿಗೆಯಿಡೀ ಅವಳು ನಿಜವಾಗಿ ಓದುತ್ತಾಳೆ. ಕೊನೆಗೆ ಅವನಲ್ಲಿ ತನ್ನ ಮನಸ್ಸನ್ನು ಹೇಳಿಕೊಂಡಾಗ ಅವನು ಒಪ್ಪುವುದಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ತಿರಸ್ಕಾರ ಕಂಡ ಕ್ವಿನ್ ಅಳುತ್ತ ಹೇಳಿಕೊಳ್ಳುವುದು ಯಾರ ಬಳಿ? ಡಾರಿಯಾಳ ಬಳಿ. ಅಂದು ಅಕ್ಕ ಗೇಲಿ ಮಾಡುವುದಿಲ್ಲ.

ಅನಂತರ 2001ರ ‘ಲಕ್ಕಿ ಸ್ಟ್ರೈಕ್’. ಶಿಕ್ಷಕರು ಸಂಬಳಕ್ಕಾಗಿ ಮುಷ್ಕರ ಹೂಡುತ್ತಾರೆ. ತರಗತಿ ನಡೆಸಲು ಜನವಿಲ್ಲದೆ 12ನೆಯ ತರಗತಿಯ ಡಾರಿಯಾಳನ್ನೇ ಕೆಳಗಿನ ತರಗತಿಗೆ ಪಾಠ ಹೇಳಲು ಕಳುಹಿಸುತ್ತಾರೆ. ಅದು ಕ್ವಿನ್ ಮತ್ತು ಅವಳ ಗೆಳತಿಯರು ಕುಳಿತಿರುವ ತರಗತಿ. ಗುಟ್ಟಿಗೆ ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ. ಆ ಕಂತಿನಲ್ಲೇ, ತನ್ನ ಗೆಳತಿಯರ ಎದುರಿಗೇ, ಯಾರೂ ಬಲವಂತ ಮಾಡದೆ, ಡಾರಿಯಾ ನನ್ನ ಅಕ್ಕ ಎಂದು ಕ್ವಿನ್ ಹೇಳಿಬಿಡುತ್ತಾಳೆ. ಸಂಗೀತ ಮೊಳಗುವುದಿಲ್ಲ, ಯಾರೂ ಅಪ್ಪಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಕಾಪಾಡಿದ ಸುಳ್ಳು ಒಂದು ವಾಕ್ಯದಲ್ಲಿ ಮುಗಿಯುತ್ತದೆ, ಕಥೆ ಮುಂದೆ ಸಾಗುತ್ತದೆ.

ಕೊನೆಯ ಚಿತ್ರದಲ್ಲಿ ಅವಳ ಪಾಲಿಗೆ ತಿರುಗಿ ಒಂದು ಗುಟ್ಟು ಎದುರಾಗುತ್ತದೆ. ಕ್ರೆಡಿಟ್ ಕಾರ್ಡಿನ ಸಾಲ ಮೈಮೇಲೆ ಬಂದು ಕ್ವಿನ್ ಹೋಟೆಲೊಂದರಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸಕ್ಕೆ ಸೇರುತ್ತಾಳೆ. ಅಲ್ಲಿ ಲಿಂಡಿ ಎಂಬ ಹಿರಿಯ ಗೆಳತಿ ಸಿಗುತ್ತಾಳೆ, ತುಂಬ ಒಳ್ಳೆಯವಳು. ಆದರೆ ಕುಡಿತದ ಚಟವಿದೆ, ಅದನ್ನವಳು ಒಪ್ಪುವುದಿಲ್ಲ. ಕ್ವಿನ್ ಹೆದರುತ್ತ ಹೆದರುತ್ತ ಆ ಮಾತೆತ್ತುತ್ತಾಳೆ, ಲಿಂಡಿ ಸಿಟ್ಟಾಗಿ ಅವಳನ್ನು ದೂರ ಮಾಡುತ್ತಾಳೆ. ಇಲ್ಲವೆನ್ನುವ ಬಾಯಿಯ ಎದುರು ನಿಲ್ಲುವುದು ಹೇಗಿರುತ್ತದೆಂದು ಕ್ವಿನ್ ಅಂದು ತಿಳಿಯುತ್ತಾಳೆ.

ಮನೆಯಲ್ಲಿ ನೋಡಬಯಸುವವರಿಗೆ ಒಂದೆರಡು ಮಾತು. ಇದು ಪುಟ್ಟ ಮಕ್ಕಳ ಕಾರ್ಟೂನಲ್ಲ. ಪ್ರೌಢಶಾಲೆಯ ಮೇಲಿನ ಮಕ್ಕಳೊಂದಿಗೆ ತಂದೆತಾಯಿ ಜೊತೆಗೆ ಕುಳಿತು ನೋಡತಕ್ಕದ್ದು. 65 ಕಂತುಗಳನ್ನೂ ನೋಡುವ ಅಗತ್ಯವಿಲ್ಲ. ‘ಕ್ವಿನ್ ದ ಬ್ರೇನ್’, ‘ಮಾನ್‌ಸ್ಟರ್’, ‘ಲಕ್ಕಿ ಸ್ಟ್ರೈಕ್’, ಈ ಮೂರನ್ನು ನೋಡಿದರೆ ಈ ಹುಡುಗಿಯ ಪರಿಚಯವಾಗುತ್ತದೆ. ನೋಡಿದ ಮೇಲೆ ಅಕ್ಕ ಸರಿಯೋ ತಂಗಿ ಸರಿಯೋ ಎಂದು ಕೇಳಬೇಡಿ. ಮಕ್ಕಳು ನಮಗೆ ಬೇಕಾದ ಉತ್ತರವನ್ನೇ ಕೊಟ್ಟು ಎದ್ದುಹೋಗುತ್ತಾರೆ. ‘ಮಾನ್‌ಸ್ಟರ್’ ನೋಡುವಾಗ, ಡಾರಿಯಾ ಚಿತ್ರವನ್ನು ಕತ್ತರಿಸಲು ಕುಳಿತ ಜಾಗದಲ್ಲಿ ನಿಲ್ಲಿಸಿ, ನೀನಾಗಿದ್ದರೆ ಯಾವ ದೃಶ್ಯವನ್ನು ಉಳಿಸುತ್ತಿದ್ದೆ ಎಂದು ಕೇಳಿ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಇಬ್ಬರನ್ನೂ ಒಟ್ಟಿಗೇ ಕೂರಿಸಿಕೊಂಡು ಕೇಳಿ.